ಎರಡು ಸಲ ಕತ್ತರಿಸಿದ ರಿಬ್ಬನ್

"ನೀನು ನನ್ನ ಹತ್ರ ಹೇಳಿದ್ದು ನನ್ನ ಬಾಯಿ ದಾಟಲ್ಲ ಪುಟ್ಟಾ. ಪೇಪರಿಗೂ ಹೋಗಲ್ಲ, ಇನ್ನೊಬ್ಬರ ಕಿವಿಗೂ ಬೀಳಲ್ಲ. ಆಯ್ತಾ?"

ವರದಿಗಾರ ಈ ಮಾತು ಕೊಟ್ಟಾಗ ಮಗಳು ಎರಡು ಜಡೆಯ ಹುಡುಗಿ. ಊಟದ ಮೇಜಿನ ಕೆಳಗೆ ಹೋಗಿ ಕೂತವಳು ಹೊರಗೆ ಬರಲೊಲ್ಲೆ ಎಂದು ಹಟ ಹಿಡಿದಿದ್ದಳು. ಆಫೀಸಿನ ಬಟ್ಟೆಯಲ್ಲೇ ನೆಲದ ಮೇಲೆ ಅಂಗಾತ ಮಲಗಿ, ಮೇಜಿನ ಕಾಲುಗಳ ನಡುವೆ ತಲೆ ತೂರಿಸಿ ಅವನು ಗೋಗರೆದಿದ್ದ.

ತಪ್ಪು ಅವನದೇ. ಪಕ್ಕದ ಬೆಂಚಿನ ಗೆಳತಿಯ ಮನೆಯಲ್ಲಿ ಅವರಪ್ಪ ಏನು ಮಾಡುತ್ತಾನೆ ಎಂಬುದನ್ನು ಮಗಳು ಊಟ ಮಾಡುತ್ತಾ ಹೇಳಿದ್ದಳು. ವಾರ ತುಂಬುವುದರೊಳಗೆ ಅದು ಮುಖಪುಟದಲ್ಲಿತ್ತು. ಗೆಳತಿಯ ಅಪ್ಪ ಜೈಲಿಗೆ ಹೋದ, ವರದಿಗಾರನಿಗೆ ಬಹುಮಾನ ಬಂತು, ಮಗಳ ಪಕ್ಕದ ಬೆಂಚು ಖಾಲಿಯಾಯಿತು.

"ಮೇಜಿನ ಮಾತು ಮೇಜಿನ ಮೇಲೇನೇ ಇರ್ಬೇಕು," ಎಂದಿದ್ದಳು ಮಗಳು, ಕೆಳಗಿನಿಂದ ಹಲಗೆಯನ್ನು ಬೆರಳಲ್ಲಿ ಟಕ್ ಟಕ್ ಎಂದು ಕುಟ್ಟಿ. ಅವನೂ ಕೆಳಗಿನಿಂದಲೇ ಕುಟ್ಟಿದ್ದ. ಅದೇ ರುಜು, ಅದೇ ಮೊಹರು.

ಇವತ್ತು ಬೆಳಿಗ್ಗೆ ಅದೇ ಮೇಜಿನ ಎದುರುಬದುರಾಗಿ ಅಪ್ಪ ಮಗಳು ಬ್ರೆಡ್ಡು ತಿನ್ನುತ್ತಿದ್ದರು.

ಮಗಳ ತಾಯಿ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು, ಅವಳನ್ನೂ ಕರೆದುಕೊಂಡು ಹೋದವಳು ಮತ್ತೆ ಈ ಕಡೆಗೆ ವರ್ಗ ಮಾಡಿಸಿಕೊಳ್ಳಲೇ ಇಲ್ಲ. ಮಗಳು ಮಾತ್ರ ಹೂವಿನ ಅಲಂಕಾರದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದ ನೆಪದಲ್ಲಿ ಈ ವರ್ಷ ವಾಪಸು ಬಂದಿದ್ದಳು. ಬಂದಳು ಅಂದರೆ ಒಂದು ಕೋಣೆಯ ಬಾಗಿಲು ತೆರೆಯಿತು, ಚಪ್ಪಲಿ ಸ್ಟ್ಯಾಂಡಿನಲ್ಲಿ ಇನ್ನೊಂದು ಜೊತೆ ಸೇರಿತು, ಅಷ್ಟೆ. ಆ ಮನೆಯಲ್ಲಿ ಹೆಚ್ಚು ಮಾತಾಡುತ್ತಿದ್ದುದು ಹಳೆಯ ಫ್ರಿಜ್ಜೇ. ಅದು ಗುರ್ ಎಂದು ಶುರುಮಾಡಿದಾಗ ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು, ಯಾರೋ ನೆಂಟರು ಬಂದರೇನೋ ಎನ್ನುವ ಹಾಗೆ.

"ನಿನ್ನ ಪೇಪರ್ ಕಟ್ಟಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ನಾನು ತಗೊಂಡೆ," ಎಂದಳು ಮಗಳು, ಕೂದಲನ್ನು ಹಿಂದಕ್ಕೆಳೆದು ಕಟ್ಟುತ್ತಾ.

"ಯಾಕೆ?"

"ಯಾಕಾ? ನನ್ನ ಕ್ಲಿಪ್ ಹೋಗಿ ಎಷ್ಟು ದಿನ ಆಯ್ತು! ಅಮ್ಮ ಕೊಡಿಸಿದ್ದು. ಊರಿನ ಕಳ್ಳರನ್ನೆಲ್ಲ ಪತ್ತೆ ಮಾಡ್ತೀಯ, ಮನೇಲಿ ಮಾತ್ರ ಕಣ್ಣಿಗೆ ಬಟ್ಟೆ ಕಟ್ಕೊಂಡು ಓಡಾಡ್ತೀಯ."

"ಎಲ್ಲಿ ಬೀಳಿಸಿದೆ?"

"ಬೀಳಿಸಲಿಲ್ಲ. ದೊಡ್ಡ ಡಾಕ್ಟರು ಜೇಬಿಗೆ ಹಾಕ್ಕೊಂಡು ಹೋದ್ರು."

ವರದಿಗಾರನ ಕೈಯಲ್ಲಿದ್ದ ಬ್ರೆಡ್ಡು ಬಾಯಿಯ ಹತ್ತಿರ ನಿಂತಿತು.

ದೊಡ್ಡ ಡಾಕ್ಟರ ಆಸ್ಪತ್ರೆಯ ಹಿರಿಯ ನರ್ಸು, ಊರೆಲ್ಲ ಸಿಸ್ಟರಕ್ಕ ಎಂದು ಕರೆಯುತ್ತಿದ್ದ ಹೆಂಗಸು, ಹೊಸ ಕಟ್ಟಡದ ಉದ್ಘಾಟನೆಯ ಸಂಜೆಯೇ ಹಳೆ ಕಟ್ಟಡದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು. ಕಾಲು ಜಾರಿದ್ದು ಎಂದು ಪೊಲೀಸರು ಕೈತೊಳೆದುಕೊಂಡಿದ್ದರು. ಹಿಂದಿನ ದಿನ ಅವಳು ವರದಿಗಾರನಿಗೆ ಫೋನು ಮಾಡಿ, "ನಾಳೆ ಫಂಕ್ಷನ್ನಿಗೆ ಬನ್ನಿ, ನಿಮಗೊಂದು ವಿಷಯ ಹೇಳಬೇಕು, ಡಾಕ್ಟರ ವಿಷಯ," ಎಂದಿದ್ದಳು. ಭಾಷಣ ಕೇಳುವ ಬೇಜಾರಿಗೆ ಅವನು ಹೋಗಿರಲಿಲ್ಲ. ಅಂದಿನಿಂದ ಅವನಿಗೆ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ.

ಕಾಲು ಜಾರಿದ ಸುದ್ದಿಯೊಂದು ಬಿಟ್ಟರೆ ಈ ಯಾವುದೂ ಮಗಳಿಗೆ ಗೊತ್ತಿಲ್ಲ. ಅವಳ ಮಾತು ಪೇಪರಿಗೆ ಹೋಗುವುದು ನಿಂತ ಮೇಲೆ, ಅವನ ಪೇಪರಿನ ಮಾತೂ ಮನೆಗೆ ಬರುವುದು ನಿಂತಿತ್ತು.

"ಅದೇನು ಜೇಬಿಗೆ ಹಾಕ್ಕೊಂಡಿದ್ದು? ಹೇಳು ಕೇಳೋಣ," ಎಂದ, ಬ್ರೆಡ್ಡಿಗೆ ಮತ್ತೊಮ್ಮೆ ಬೆಣ್ಣೆ ಸವರುತ್ತಾ. ಆಗಲೇ ಸವರಿಯಾಗಿತ್ತು.

ಮಗಳು ಅಪರೂಪಕ್ಕೆ ನಕ್ಕಳು. "ಆಸ್ಪತ್ರೆ ಉದ್ಘಾಟನೆಗೆ ನಮ್ಮ ಅಂಗಡಿದೇ ಹೂವು. ಭಾಷಣ ಎಲ್ಲಾ ಕೆಳಗಡೆ. ಮೇಲಿನ ಸ್ಕ್ಯಾನಿಂಗ್ ರೂಮು ಚಿಕ್ಕದು, ಜನ ಹಿಡಿಸಲ್ಲ ಅಂತ ಡಾಕ್ಟರು ಒಬ್ರೇ ಹತ್ತಿ ಬಂದ್ರು. ನಾನು ಕತ್ತರಿ ಟ್ರೇ ಹಿಡ್ಕೊಂಡು ಗೊಂಬೆ ಹಾಗೆ ನಿಂತಿದ್ದೆ. ಟಕ್ ಅಂತ ರಿಬ್ಬನ್ ಕತ್ತರಿಸೇಬಿಟ್ರು. ಆಮೇಲೆ ನೋಡ್ತಾರೆ, ಫೋಟೋದವನೇ ಇಲ್ಲ!"

"ಒನ್ಸ್‌ಮೋರ್?"

"ಅವನೇ, ನಿಮ್ಮ ಪೇಪರಿನ ಒನ್ಸ್‌ಮೋರ್ ಮಾವ. 'ಅವನು ಬರ್ಲಿ, ಇನ್ನೊಂದ್ಸಲ ಕತ್ತರಿಸೋಣ' ಅಂತ ಡಾಕ್ಟರು ಹಿಂದಿನ ಬಾಗಿಲಿಂದ ಎಲ್ಲೋ ಹೋದ್ರು. ಕಾದೆ, ಕಾದೆ, ಟ್ರೇನ ತಲೆ ಮೇಲಿಟ್ಕೊಂಡು ಕೂತೆ. ಆಮೇಲೆ ಬಂದ್ರು, ಒದ್ದೆ ಕೈ ಒರೆಸ್ಕೊಳ್ತಾ. 'ಕಟ್ಟಮ್ಮಾ ಮತ್ತೆ' ಅಂದ್ರು. ಕತ್ತರಿಸಿದ ರಿಬ್ಬನ್ನಿಗೆ ಗಂಟು ಹಾಕಿದ್ರೆ ಬಾಗಿಲಿಗೆ ಎಟುಕಲ್ಲ. ತಲೆಯಿಂದ ಕ್ಲಿಪ್ ಕಿತ್ತು ಎರಡು ತುದಿಗೂ ಕಚ್ಚಿಸಿ, ಕಾಣಬಾರದು ಅಂತ ಮೇಲೊಂದು ಹೂ ಸಿಗಿಸಿದೆ. ನನ್ನ ತಲೆ ನೋಡು, ಎಂಥಾ ಐಡಿಯಾ!"

"ಆಮೇಲೆ ಒನ್ಸ್‌ಮೋರ್ ಬಂದ?"

"ಏದುಸಿರು ಬಿಡ್ತಾ ಬಂದ. ನನ್ನ ಗುರುತೇ ಹತ್ತಲಿಲ್ಲ ಅವನಿಗೆ. ಡಾಕ್ಟರು ನಗ್ತಾ ನಗ್ತಾ ಮತ್ತೆ ಕತ್ತರಿಸಿದ್ರು. ಹೂವು, ಕ್ಲಿಪ್ಪು ಎಲ್ಲಾ ಅವರ ಕೈಯಲ್ಲೇ ಬಂತು, ಕೋಟಿನ ಜೇಬಿಗೆ ಹಾಕ್ಕೊಂಡು ಇಳಿದೇ ಹೋದ್ರು. 'ಸಾರ್, ಅದು ನಂದು' ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ."

ವರದಿಗಾರನ ತಲೆಯೊಳಗೆ ಯಾರೋ ದೀಪ ಹಚ್ಚಿದ ಹಾಗಾಯಿತು. ಮೇಲೆ ಹತ್ತಿದ ಕ್ಷಣದಿಂದ ಕೆಳಗಿಳಿಯುವ ತನಕ ಡಾಕ್ಟರು ನನ್ನ ಕ್ಯಾಮೆರಾ ಎದುರಿಗೇ ಇದ್ದರು ಎಂದು ಒನ್ಸ್‌ಮೋರ್ ಪೊಲೀಸರಿಗೆ ಹೇಳಿದ್ದ. ಪೇಪರಿನಲ್ಲಿ ಫೋಟೋ ಬಂದಿತ್ತು, ಸಾಕ್ಷಿಗೆ ಇನ್ನೇನು ಬೇಕು? ಆದರೆ ರಿಬ್ಬನ್ ಎರಡು ಸಲ ಕತ್ತರಿಸಿದ್ದು. ಆ ಎರಡು ಕತ್ತರಿಯ ನಡುವೆ ಡಾಕ್ಟರು ಎಲ್ಲಿದ್ದರು? ಹಿಂದಿನ ಬಾಗಿಲಿನ ಆಚೆ ಇರುವುದು ಹಳೆ ಕಟ್ಟಡಕ್ಕೆ ಹೋಗುವ ಹಾದಿಯೊಂದೇ.

ಮಗಳು ಇನ್ನೂ ಏನೋ ಹೇಳುತ್ತಿದ್ದಳು. ಹೂವಿನ ಸ್ಟ್ಯಾಂಡು, ಅಂಗಡಿಯ ಓನರ್ರು, ಮಧ್ಯಾಹ್ನ, ಎಂಬ ಮಾತುಗಳು ಕಿವಿಯ ಪಕ್ಕದಲ್ಲೇ ಹಾದುಹೋದವು. ಅವನು ಹೂಂಗುಟ್ಟುತ್ತಿದ್ದ. ಸುದ್ದಿ ಸಿಕ್ಕಿದ ಮೇಲೆ ಮಾತು ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಹೆಂಡತಿ ವರ್ಗ ಮಾಡಿಸಿಕೊಂಡದ್ದೂ ಇದೇ ಬೇಸರಕ್ಕೆ.

"ಕೇಳಿಸ್ಕೊಂಡ್ಯಾ ಅಪ್ಪಾ?"

"ಕೇಳಿಸ್ಕೊಂಡೆ ಕಣೆ."

"ಮೇಜಿನ ಮಾತು." ಅವಳು ಎದ್ದು ಹೋಗುತ್ತಾ ಹಲಗೆಯ ಮೇಲೆ ಕುಟ್ಟಿದಳು, ಟಕ್ ಟಕ್. ಎಷ್ಟೋ ವರ್ಷಗಳ ಮೇಲೆ ಕುಟ್ಟಿದ್ದಳು.

ಅವನೂ ಕುಟ್ಟಿದ. ಅವಳು ಮೆಟ್ಟಿಲಿಳಿಯುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂತಿದ್ದ. ಮಗಳು ತಾನಾಗಿ ಬಾಯಿ ಬಿಟ್ಟು ನಕ್ಕ ಬೆಳಿಗ್ಗೆ ಇದು. ಇನ್ನೊಂದು ಸ್ವಲ್ಪ ಹೊತ್ತು ಕೂರಿಸಿಕೊಂಡು ಸುಮ್ಮನೆ ಹರಟಬಹುದಿತ್ತು ಎಂದು ಅವನಿಗೆ ಹೊಳೆಯುವ ಹೊತ್ತಿಗೆ ಫ್ರಿಜ್ಜು ಗುರ್ ಎಂದಿತು.

*

ಪೇಪರಿನ ಆಫೀಸಿನಲ್ಲಿ ವರದಿಗಾರನನ್ನು ಬೆನ್ನ ಹಿಂದೆ 'ಮೊಳೆ' ಎನ್ನುತ್ತಿದ್ದರು. ಒಳಗೆ ಹೋದರೆ ಹೊರಗೆ ಬರುವವನಲ್ಲ, ತೆಗೆದರೂ ಗೋಡೆಯಲ್ಲಿ ತೂತು. ಮುಂದೆ ಯಾರೂ ಏನೂ ಅನ್ನುತ್ತಿರಲಿಲ್ಲ, ಯಾಕೆಂದರೆ ಮುಂದೆ ಬಂದು ಮಾತಾಡುವವರೇ ಕಡಿಮೆ. ಅವನ ಎದುರಿನ ಕುರ್ಚಿಯ ಮೇಲೆ ಹಳೆ ಪತ್ರಿಕೆಗಳು ಕೂತಿದ್ದವು.

ಫೋಟೋಗ್ರಾಫರ್ ಒಬ್ಬನಿಗೆ ಆ ಮುಲಾಜಿಲ್ಲ. ಮಂತ್ರಿಯಾಗಲಿ ಮದುಮಗನಾಗಲಿ, "ಒನ್ಸ್ ಮೋರ್ ಸಾರ್, ಇನ್ನೂ ಸ್ವಲ್ಪ ನಗು," ಎನ್ನದೆ ಬಿಟ್ಟವನಲ್ಲ. ಅದೇ ಅವನ ಹೆಸರಾಗಿತ್ತು.

"ಏನೋ ಮೊಳೆ, ಮುಖ ಯಾಕೆ ಒಗೆದು ಹಿಂಡಿದ ಬಟ್ಟೆ ಥರ ಇದೆ?"

"ಆಸ್ಪತ್ರೆ ಫೋಟೋ ತೆಗಿ, ನೋಡ್ಬೇಕು."

ಒನ್ಸ್‌ಮೋರ್ ಕಂಪ್ಯೂಟರಿನಲ್ಲಿ ತೆರೆದ. ಡಾಕ್ಟರು ನಗುತ್ತಿದ್ದಾರೆ, ಕತ್ತರಿ ಬಾಯಿ ತೆರೆದಿದೆ, ರಿಬ್ಬನ್ನಿನ ಮಧ್ಯೆ ಒಂದು ದೊಡ್ಡ ಬಿಳಿ ಹೂವು. ಟ್ರೇ ಹಿಡಿದ ಎರಡು ಕೈಗಳು ಮೂಲೆಯಲ್ಲಿವೆ. ಕೈಗಳಷ್ಟೆ. ಮುಖ ಚೌಕಟ್ಟಿನ ಆಚೆ ಉಳಿದಿದೆ. ಟ್ರೇ ಹಿಡಿದವರ ಮುಖವನ್ನು ಯಾರು ನೋಡುತ್ತಾರೆ? ಪೊಲೀಸರೂ ನೋಡಿರಲಿಲ್ಲ. ವರದಿಗಾರನಿಗೆ ಅದೊಂದು ಸಮಾಧಾನವೆನಿಸಿತು.

"ಅವತ್ತು ನೀನು ತಡ ಮಾಡಿದ್ದೆ," ಎಂದ.

"ಯಾರು? ನಾನಾ?"

"ನಿನ್ನ ಗಡಿಯಾರ ಯಾವತ್ತಾದ್ರೂ ಸರಿಯಾಗಿ ನಡೆದಿದೆಯಾ? ನಿನ್ನ ಮದುವೆ ಮುಹೂರ್ತಕ್ಕೇ ನೀನು ತಡ."

ಒನ್ಸ್‌ಮೋರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ತಡ ಆದ್ರೂ ಹೆಂಡ್ತಿ ಹೂಂ ಅಂದ್ಲಲ್ಲ, ನಿನಗೇನು ಕಷ್ಟ? ಸರಿ, ಒಂಚೂರು ತಡ ಆಯ್ತು ಮಾರಾಯ. ಇನ್ನೊಂದು ಕಡೆ ಹುಟ್ಟುಹಬ್ಬದ ಫೋಟೋ ಒಪ್ಕೊಂಡಿದ್ದೆ. ಆಫೀಸಿಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ನಾನು ಹೋಗೋ ಹೊತ್ತಿಗೆ ಡಾಕ್ಟರು ಪಾಪ ಒಂದ್ಸಲ ಕತ್ತರಿಸಿ ಆಗಿತ್ತಂತೆ, ನನಗೋಸ್ಕರ ಮತ್ತೆ ಕಟ್ಟಿಸಿ ಕಾಯ್ತಿದ್ರು. ದೊಡ್ಡ ಮನುಷ್ಯರು ಅಂದ್ರೆ ಅವರು. 'ಯಾರಾದ್ರೂ ಕೇಳಿದ್ರೆ ಶುರುವಿಂದ ಇದ್ದೆ ಅನ್ನು, ನಿನಗೂ ಒಳ್ಳೇದು' ಅಂತ ಅವರೇ ಹೇಳಿಕೊಟ್ರು."

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂಬುದು ಅವನಿಗೇ ಕೇಳಿಸಿರಬೇಕು. ಮುಖದ ರಕ್ತ ಇಳಿಯಿತು.

"ಮೊಳೆ... ಸಿಸ್ಟರಕ್ಕ ಬಿದ್ದಿದ್ದು ಆ ಹೊತ್ತಿಗಾ?"

"ನೀನು ಇದನ್ನೇ ಪೊಲೀಸರ ಮುಂದೆ ಹೇಳ್ತೀಯಾ?"

ಒನ್ಸ್‌ಮೋರ್ ಬಹಳ ಹೊತ್ತು ಕ್ಯಾಮೆರಾದ ಗಾಜು ಒರೆಸಿದ. "ಹೇಳ್ತೀನಿ. ನಾಳೆ ಹೇಳ್ತೀನಿ. ಇವತ್ತು ಮನೇಲೊಂದು ಮಾತು ಹೇಳಿ ಬರ್ತೀನಿ."

ಅಷ್ಟು ಸಾಕಿತ್ತು. ಮಗಳ ಹೆಸರಿಲ್ಲದೆ, ಮೇಜಿನ ಮಾತಿನ ಸೋಂಕಿಲ್ಲದೆ, ಬೇಕಾದ್ದೆಲ್ಲ ಕೈಗೆ ಬಂದಿತ್ತು. ನಾಳೆಯ ತನಕ ಕಾಯ್ದರೆ ಮುಗಿಯುತ್ತಿತ್ತು.

ಆದರೆ ಬರೆಯುವ ಮುಂಚೆ ಎದುರಾಳಿಯ ಮುಖ ನೋಡದೆ ಹೋದರೆ ವರದಿಗಾರನಿಗೆ ಅನ್ನ ಇಳಿಯುತ್ತಿರಲಿಲ್ಲ. ಅರ್ಧ ಗೊತ್ತಿದ್ದರೆ ಪೂರ್ತಿ ಗೊತ್ತಿರುವವನ ಹಾಗೆ ಮಾತಾಡುವುದು, ಒಂದು ಸಣ್ಣ ವಿವರವನ್ನು ಹಗುರವಾಗಿ ಎಸೆದು ಎದುರಿನವನ ಬಣ್ಣ ಕೆಡುವುದನ್ನು ನೋಡುವುದು, ಇದು ಅವನ ಕಸುಬು, ಅವನ ಚಟ. ಕುಡಿತ ಬಿಟ್ಟಿದ್ದ. ಇದನ್ನು ಬಿಟ್ಟಿರಲಿಲ್ಲ.

*

"ಏನು ತೊಂದರೆ?" ಎಂದಳು ಆಸ್ಪತ್ರೆಯ ಮುಂಬಾಗಿಲಿನ ಹುಡುಗಿ.

"ನಿದ್ದೆ ಬರಲ್ಲ." ಸುಳ್ಳೇನಲ್ಲ.

ಅವಳು ಹಳದಿ ಕಾರ್ಡಿನಲ್ಲಿ ಒಂದೊಂದೇ ಬರೆದುಕೊಂಡಳು. "ತುರ್ತಿದ್ರೆ ಯಾರಿಗೆ ಫೋನ್ ಮಾಡ್ಬೇಕು?"

ವರದಿಗಾರ ಬಾಯಿ ತೆರೆದು ಮುಚ್ಚಿದ. ಈ ಆಸ್ಪತ್ರೆಯ ಕಾರ್ಡಿನಲ್ಲಿ ಮಗಳ ಹೆಸರು ಬರೆಸುವುದು ಸಾಧ್ಯವಿಲ್ಲ. ಬೇರೆ ಹೆಸರು ಹುಡುಕಿದ. ಹುಡುಕುತ್ತಲೇ ಇದ್ದ.

"ಯಾರೂ ಇಲ್ವಾ ಸಾರ್?"

"ಖಾಲಿ ಬಿಡಮ್ಮ."

ಹುಡುಗಿಯ ಕಣ್ಣಿನಲ್ಲಿ ಕನಿಕರ ಕಂಡಿತು. ಅವನಿಗೆ ಅದರಿಂದ ಏಟಿಗಿಂತ ಹೆಚ್ಚು ನೋವಾಯಿತು.

ಡಾಕ್ಟರ ಕೋಣೆ ಮೇಲಿನ ಮಹಡಿಯಲ್ಲಿ, ಸ್ಕ್ಯಾನಿಂಗ್ ರೂಮಿನ ಪಕ್ಕದಲ್ಲಿತ್ತು. ಒಳಗೆ ಹೋದೊಡನೆ ಅವನ ಕಣ್ಣು ರೂಢಿಯ ಪ್ರಕಾರ ಎಲ್ಲವನ್ನೂ ಎಣಿಸಿಕೊಂಡಿತು. ಬಿ.ಪಿ. ನೋಡುವ ಪಾದರಸದ ಪೆಟ್ಟಿಗೆ, ಮುಚ್ಚಳವಿಲ್ಲದ ಪೆನ್ನು, ಹಲ್ಲು ಮುರಿದ ಹಸಿರು ಕ್ಲಿಪ್ಪಿನಿಂದ ಕಚ್ಚಿಸಿಟ್ಟ ಕಾಗದಗಳ ಕಂತೆ, ಗೋಡೆಯ ಮೇಲೆ ಅದೇ ರಿಬ್ಬನ್ನಿನ ಫೋಟೋ, ಕಟ್ಟು ಹಾಕಿಸಿದ್ದು.

"ಬನ್ನಿ ಬನ್ನಿ, ಪೇಪರಿನವರು," ಎಂದರು ದೊಡ್ಡ ಡಾಕ್ಟರು. ತೆಳ್ಳಗಿನ, ಮೃದು ಮಾತಿನ ಮನುಷ್ಯ. "ನಿದ್ದೆ ಇಲ್ವಂತೆ. ಕೈ ಕೊಡಿ."

"ಮೊದಲು ಒಂದೆರಡು ಮಾತು—"

"ಮಾತಾಡಿ, ಯಾರು ಬೇಡ ಅಂದ್ರು? ಕೈ ನನಗೆ ಕೊಡಿ, ಬಾಯಿ ನಿಮ್ಮ ಹತ್ರಾನೇ ಇರ್ಲಿ."

ತೋಳಿಗೆ ಪಟ್ಟಿ ಸುತ್ತಿದರು. ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟರು. ಪಟ್ಟಿ ಉಸ್ ಉಸ್ ಎಂದು ಬಿಗಿಯಿತು.

"ಉದ್ಘಾಟನೆ ದಿನ ನೀವು ಮೇಲೆ ಬಂದಾಗ ಫೋಟೋಗ್ರಾಫರ್ ಇರಲಿಲ್ಲ."

"ಹೌದಾ?"

"ನೀವು ರಿಬ್ಬನ್ ಎರಡು ಸಲ ಕತ್ತರಿಸಿದ್ರಿ. ನಡುವೆ ಹಿಂದಿನ ಬಾಗಿಲಿಂದ ಹೋದ್ರಿ."

ಡಾಕ್ಟರು ನಗುತ್ತಾ ಪಾದರಸ ಇಳಿಯುವುದನ್ನೇ ನೋಡುತ್ತಿದ್ದರು. "ಯಾರು ಹೇಳಿದ್ರು, ಫೋಟೋಗ್ರಾಫರಾ? ಪಾಪ, ಅವನ ಮಾತಿಗೇನು ಬೆಲೆ? ಪೊಲೀಸರಿಗೆ ಒಂದು, ನಿಮಗೆ ಒಂದು. ನಾಳೆ ಕೋರ್ಟಿನಲ್ಲಿ ಮೂರನೇದು ಹೇಳ್ತಾನೆ. ಬಿ.ಪಿ. ಸ್ವಲ್ಪ ಜಾಸ್ತಿ ಇದೆ. ಉಪ್ಪು ಕಡಿಮೆ ಮಾಡಿ."

ಆ ನಗು ವರದಿಗಾರನನ್ನು ಕೆಣಕಿತು. ಇಷ್ಟು ದಿನದ ನಿದ್ದೆಗೆಟ್ಟ ರಾತ್ರಿಗಳು, ಸಿಸ್ಟರಕ್ಕನ ಫೋನು, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಈ ನಗುವನ್ನು ಒರೆಸುವಂಥ ಒಂದೇ ಒಂದು ವಿವರ ಅವನ ಹತ್ತಿರವಿತ್ತು.

"ರಿಬ್ಬನ್ ಗಿಡ್ಡ ಆಗಿತ್ತು ಡಾಕ್ಟ್ರೇ. ಗಂಟು ಹಾಕೋಕೂ ಆಗ್ಲಿಲ್ಲ. ಕೂದಲ ಕ್ಲಿಪ್ ಕಚ್ಚಿಸಿ ನಿಲ್ಲಿಸಿದ್ರಿ. ಕೈ ಒದ್ದೆಯಿತ್ತು ನಿಮ್ಮದು."

ನಗು ಅಳಿಸಿಹೋಯಿತು. ವರದಿಗಾರನ ಎದೆಯಲ್ಲಿ ಗೆಲುವಿನ ಬಿಸಿ ಹರಿಯಿತು. ಅದು ತಣ್ಣಗಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಡಾಕ್ಟರು ಗೋಡೆಯ ಫೋಟೋ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, ರೋಗಿಗೆ ಔಷಧಿ ಹೇಳುವ ಹಾಗೆ, "ಫೋಟೋಗ್ರಾಫರ್ ಬರೋ ಹೊತ್ತಿಗೆ ಕ್ಲಿಪ್ಪಿನ ಮೇಲೆ ಹೂ ಇತ್ತು," ಎಂದರು. "ಅವನು ಕ್ಲಿಪ್ ನೋಡಿಲ್ಲ. ಒದ್ದೆ ಕೈಯಂತೂ ನೋಡೇ ಇಲ್ಲ."

ವರದಿಗಾರ ಕೈ ಹಿಂದಕ್ಕೆಳೆಯಲು ನೋಡಿದ. ಡಾಕ್ಟರು ಬಿಡಲಿಲ್ಲ.

"ಅಲ್ಲಿ ಇನ್ನೊಬ್ಬಳಿದ್ದಳು. ಟ್ರೇ ಹಿಡಿದವಳು. ನೋಡಿ, ನನಗೆ ಅವಳ ಮುಖ ಕೂಡ ನೆನಪಿಲ್ಲ. ಅಂಥ ಒಬ್ಬಳು ಇದ್ದಳು ಅನ್ನೋದೇ ಮರೆತುಹೋಗಿತ್ತು. ಈಗ ನೀವು ನೆನಪು ಮಾಡಿಕೊಟ್ರಿ." ಅವರು ಎಡಗೈ ಚಾಚಿ ಕಾಗದದ ಕಂತೆಯಿಂದ ಹಸಿರು ಕ್ಲಿಪ್ಪನ್ನು ಬಿಡಿಸಿ ಮೇಜಿನ ನಡುವೆ ಇಟ್ಟರು. "ಇದು ಜೇಬಿಗೆ ಹೇಗೆ ಬಂತು ಅಂತ ಯೋಚಿಸ್ತಿದ್ದೆ."

ಕಾಗದಗಳು ಫ್ಯಾನಿನ ಗಾಳಿಗೆ ಹಾರಿ ನೆಲಕ್ಕೆ ಬಿದ್ದವು. ಯಾರೂ ಎತ್ತಲಿಲ್ಲ.

ವರದಿಗಾರ ಕ್ಲಿಪ್ಪನ್ನು ನೋಡಿದ. ಬಚ್ಚಲಿನ ಕನ್ನಡಿಯ ಹಲಗೆಯ ಮೇಲೆ ಅದು ಎಷ್ಟು ತಿಂಗಳು ಬಿದ್ದಿತ್ತು! ದಿನಾ ಬೆಳಿಗ್ಗೆ ರೇಜರ್ ತೆಗೆದುಕೊಳ್ಳಲು ಅದನ್ನೇ ಪಕ್ಕಕ್ಕೆ ಸರಿಸುತ್ತಿದ್ದ. ಈ ಕೋಣೆಗೆ ಬಂದಾಗಿನಿಂದ ಕಣ್ಣೆದುರೇ ಇತ್ತು. ಮಗಳದ್ದು ಎಂದು ಗುರುತು ಹತ್ತಲಿಲ್ಲ.

"ಆ ಹುಡುಗಿ ನಿಮಗೆ ಪರಿಚಯಾನಾ?"

"ಇಲ್ಲ."

ಮಣಿಕಟ್ಟಿನ ಮೇಲಿನ ಬೆರಳುಗಳು ಕದಲಲಿಲ್ಲ. "ಬಾಯಿ ಇಲ್ಲ ಅನ್ನುತ್ತೆ. ನಾಡಿ ಓಡ್ತಾ ಇದೆ."

"ಎಲ್ಲೋ ಹೋದಾಗ ಸಿಕ್ಕಿದ್ದಳು. ಯಾರು ಅಂತ ನಂಗೂ ಗೊತ್ತಿಲ್ಲ."

"ಇರ್ಲಿ ಬಿಡಿ. ಹೂವಿನ ಅಂಗಡಿಗೆ ಒಂದು ಫೋನ್ ಹಾಕಿದ್ರೆ ಹೇಳ್ತಾರೆ. ಯಾರು, ಎಲ್ಲಿರ್ತಾಳೆ, ಎಲ್ಲಾ."

ಆಗ ಹೊರಗಿನ ಮೊಗಸಾಲೆಯಲ್ಲಿ ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಯಾರೋ ಉದ್ದನೆಯ ಸ್ಟ್ಯಾಂಡುಗಳನ್ನು ಎಳೆದುಕೊಂಡು ಬರುತ್ತಿದ್ದರು.

ಹೂವಿನ ಸ್ಟ್ಯಾಂಡು. ಅಂಗಡಿಯ ಓನರ್ರು. ಮಧ್ಯಾಹ್ನ.

ಬೆಳಗಿನ ಮಾತಿನ ಉಳಿದರ್ಧ ಈಗ, ಇಷ್ಟು ತಡವಾಗಿ, ಅವನ ಕಿವಿಗೆ ಬಿತ್ತು. 'ಉದ್ಘಾಟನೆ ದಿನ ಬಿಟ್ಟು ಬಂದ ಸ್ಟ್ಯಾಂಡುಗಳನ್ನು ಇವತ್ತು ಮಧ್ಯಾಹ್ನ ಹೋಗಿ ತರಬೇಕಂತೆ ಅಪ್ಪಾ, ಓನರ್ ಬಯ್ತಿದ್ದಾರೆ. ಹೋದಾಗ ಆ ಕ್ಲಿಪ್ಪೂ ಕೇಳ್ಲಾ?'

ಅವನು ಹೂಂ ಎಂದಿದ್ದ.

ಎದ್ದು ನಿಲ್ಲಲು ಹೋದ. ತೋಳಿನ ಪಟ್ಟಿ ಪಾದರಸದ ಪೆಟ್ಟಿಗೆಯನ್ನೂ ಎಳೆಯಿತು. "ಕೂತ್ಕೊಳ್ಳಿ, ಕೂತ್ಕೊಳ್ಳಿ," ಎಂದರು ಡಾಕ್ಟರು ಅಕ್ಕರೆಯಿಂದ, ಮಣಿಕಟ್ಟು ಬಿಡದೆ. "ಹೀಗೆ ಏಳಬಾರದು. ತಲೆ ಸುತ್ತುತ್ತೆ."

ಸದ್ದು ಬಾಗಿಲ ಹೊರಗೆ ನಿಂತಿತು.

ಟಕ್ ಟಕ್.

ಆ ಕುಟ್ಟುವಿಕೆಯನ್ನು ಅವನು ಸಾವಿರ ಬಾಗಿಲುಗಳಲ್ಲೂ ಗುರುತಿಸುತ್ತಿದ್ದ. ಬಾಗಿಲು ತೆರೆಯದಿರಲಿ ಎಂದು ಬಯಸಿದ. ತೆರೆದರೂ ಬಾಯಿ ತೆರೆಯದಿರಲಿ ಎಂದು ಬಯಸಿದ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಬೆನ್ನು ನೋಡಿ ಯಾರಿಗೆ ಗೊತ್ತಾಗುತ್ತದೆ?

"ಸಾರ್, ಸ್ಟ್ಯಾಂಡ್ ತಗೊಂಡೆ. ಕೆಳಗೆ ನಿಮ್ಮ ಸೈನ್ ಬೇಕಂತೆ. ಆಮೇಲೆ... ನನ್ನ ಒಂದು ಕ್ಲಿಪ್ಪು—"

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಮೇಜಿನ ಮೇಲಿನ ಹಸಿರನ್ನು ನೋಡಿತು. ಆಮೇಲೆ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತ, ಕಾಲರು ಮಾಸಿದ ಅಂಗಿಯ ಬೆನ್ನನ್ನು ನೋಡಿತು. ಮನೆಯಲ್ಲಿ ಅವಳು ಹೆಚ್ಚು ನೋಡಿದ್ದು ಆ ಬೆನ್ನನ್ನೇ.

"ಅಪ್ಪಾ?"

ಮಣಿಕಟ್ಟಿನ ಮೇಲಿನ ಬೆರಳುಗಳು ಈಗ ಸಡಿಲವಾದವು. ಇನ್ನು ನಾಡಿ ನೋಡುವ ಅಗತ್ಯವಿರಲಿಲ್ಲ.

"ಪುಟ್ಟಾ, ಹೋಗು. ಕೆಳಗೆ ಓಡು," ಎಂದ ವರದಿಗಾರ.

ಅವಳು ಓಡಲಿಲ್ಲ. ಬಾಗಿಲಲ್ಲೇ ನಿಂತು ಅವನನ್ನು ನೋಡಿದಳು. ಮೇಜಿನ ಕೆಳಗಿನಿಂದ ನೋಡುತ್ತಿದ್ದ ಅದೇ ನೋಟ. "ಹೇಳಿಬಿಟ್ಟೆಯಾ?" ಎಂದಳು ಮೆಲ್ಲಗೆ.

ಡಾಕ್ಟರು ಹಳದಿ ಕಾರ್ಡನ್ನು ಮುಂದೆಳೆದುಕೊಂಡರು. ಮುಚ್ಚಳವಿಲ್ಲದ ಪೆನ್ನನ್ನು ಖಾಲಿ ಬಿಟ್ಟ ಸಾಲಿನ ಮೇಲಿಟ್ಟರು.

"ಯಾರೂ ಇಲ್ಲ ಅಂತ ಬರೆಸಿದ್ರಲ್ಲ," ಎಂದರು. ಆಮೇಲೆ ಮಗಳ ಕಡೆ ತಿರುಗಿ, ಪ್ರೀತಿಯಿಂದ, "ಒಳಗೆ ಬಾಮ್ಮ. ಬಾಗಿಲು ಹಾಕು. ನಿನ್ನ ಹೆಸರೇನು?"

ಪೇಪರಿನಲ್ಲಿ ಒಂದಕ್ಷರವೂ ಬಂದಿರಲಿಲ್ಲ.

ವರದಿಗಾರ ಮಗಳಿಗೆ ಕೊಟ್ಟ ಮಾತನ್ನು ಮುರಿದಿದ್ದ.